ಅಂಗಳದ ಗುರಿಯಾಟಕ್ಕೆ ಪೆಟ್ಲೋ, ಕ್ಯಾಟರ್‌ಬಿಲ್ಲೋ?

ಮಕ್ಕಳಿಗೆ ರಜೆ. ಅಂಗಳದಲ್ಲಿ ಡಬ್ಬ ಬೀಳಿಸುವ ಆಟಕ್ಕೆ ಏನು ಮಾಡಿಕೊಡಲಿ ಅಂತ ಯೋಚಿಸುತ್ತಿದ್ದರೆ, ನನ್ನ ಮತ ಪೆಟ್ಲಿಗೆ.

ಮಲೆನಾಡು, ಕರಾವಳಿಯವರಿಗೆ ಪೆಟ್ಲು ಗೊತ್ತೇ ಇರುತ್ತದೆ. ಗಂಟಿಲ್ಲದ ಒಂದು ಗೇಣು ಬಿದಿರಿನ ಕೊಳವೆ, ಅದರೊಳಗೆ ಸಲೀಸಾಗಿ ಓಡುವ, ಹಿಡಿ ಇರುವ ಕಡ್ಡಿ. ಅಷ್ಟೇ. ಒಂದು ಹಸಿ ಕಾಯನ್ನೋ ನೆನೆಸಿದ ಕಾಗದದ ಉಂಡೆಯನ್ನೋ ತುದಿಯವರೆಗೆ ತಳ್ಳಿ, ಹಿಂದಿನಿಂದ ಇನ್ನೊಂದನ್ನು ನೂಕಬೇಕು. ನಡುವಿನ ಗಾಳಿ ಒತ್ತಿಕೊಂಡು ಮುಂದಿನದು ಪಟ್ ಅಂತ ಹಾರುತ್ತದೆ. ಕಡ್ಡಿ ಕೊಳವೆಗಿಂತ ಒಂದು ಉಂಡೆಯಷ್ಟು ಗಿಡ್ಡ ಇರಲಿ. ಆಗ ಎರಡನೆಯದು ತುದಿಯಲ್ಲೇ ನಿಂತು ಮುಂದಿನ ಸರದಿಗೆ ಸಿದ್ಧವಾಗುತ್ತದೆ. ಎಷ್ಟು ಚೆಂದದ ಲೆಕ್ಕ, ಅಲ್ವಾ! ಉಂಡೆ ಸಡಿಲವಾದರೆ ಗಾಳಿ ಸೋರಿ ಸುಮ್ನೆ ಪುಸ್ ಅನ್ನುತ್ತದೆ.

ಕ್ಯಾಟರ್‌ಬಿಲ್ಲಿಗೆ ಸೀಬೆಮರದ ಕವಲು, ಸೈಕಲ್ ಟ್ಯೂಬಿನ ಪಟ್ಟಿ, ಚರ್ಮದ ತುಂಡು ಸಾಕು. ದೂರ, ಗುರಿ ಎರಡರಲ್ಲೂ ಇದೇ ಮೇಲು. ಆದರೆ ಕಲ್ಲು ಸಿಕ್ಕಿದರೆ ಮಕ್ಕಳು ಕಲ್ಲೇ ಹಾಕುತ್ತಾರೆ. ಹಳೇ ರಬ್ಬರ್ ಹರಿದರೆ ನೇರ ಮುಖಕ್ಕೆ ಬಡಿಯುತ್ತದೆ. ಹತ್ತಿರದಲ್ಲಿ ಮನೆಗಳಿದ್ದರೆ ನಾನಂತೂ ಬೇಡ ಅನ್ನುತ್ತೇನೆ. ದೊಡ್ಡವರು ಪಕ್ಕದಲ್ಲೇ ನಿಂತು, ಬಟ್ಟೆಯ ಉಂಡೆ ಮಾತ್ರ ಹಾಕಿಸುವುದಾದರೆ ಸರಿ.

ಪೆಟ್ಲಾದರೂ ಕಣ್ಣಿಗೆ ಕನ್ನಡಕ ಹಾಕಿಸಿ. ಡಬ್ಬದ ಹಿಂದೆ ಹಳೇ ಬೆಡ್‌ಶೀಟ್ ಕಟ್ಟಿ. ಹಕ್ಕಿ, ನಾಯಿಗಳತ್ತ ಗುರಿ ಇಡಬಾರದು ಅಂತ ಆಟಕ್ಕೆ ಮೊದಲೇ ಹೇಳಿಬಿಡಿ.