ಮೂರು ಪ್ರಶ್ನೆ ಚಿಹ್ನೆಯ ಮನೆ

ಕಾಸರಗೋಡಿನ ಬದಿಯಡ್ಕ ಪೇಟೆಯಲ್ಲಿ ಮಹಡಿ ಮೇಲೊಂದು ಸಣ್ಣ ಕಂಪ್ಯೂಟರ್ ರಿಪೇರಿ ಅಂಗಡಿ ಉಂಟು. ಕೆಳಗೆ ಜೆರಾಕ್ಸ್, ಪಕ್ಕದಲ್ಲಿ ಟೈಲರ್. ಹೆಸರು ಹಾಕಿ ಬರೆಯುತ್ತೇನೆ ಅಂದದ್ದಕ್ಕೆ ಅಂಗಡಿಯ ಹುಡುಗ ಕೈ ಮುಗಿದ. "ಬೇಡ ಟೀಚರೇ, ಈಗಲೇ ನನಗೆ ಭಾನುವಾರ ಅಂತ ಒಂದು ಇಲ್ಲ." ಹಾಗಾಗಿ ಇದು ಹೆಸರಿಲ್ಲದ ವಿಮರ್ಶೆ. ಬೇಕಾದವರಿಗೆ ಇಷ್ಟು ಗುರುತು ಸಾಕು.

ನಾನು ಪೆರ್ಲದ ಕಡೆಯವಳು. ಕನ್ನಡ ಮಾಧ್ಯಮ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತಳಾದವಳು. ಮಗಳು ಮಂಗಳೂರು ಕಡೆ ಸಿವಿಲ್ ಇಂಜಿನಿಯರಿಂಗ್ ಮೂರನೇ ವರ್ಷ. ರಜೆಗೆ ಬಂದವಳು ಪ್ರಾಜೆಕ್ಟ್ ಕೆಲಸ ಜೊತೆಗೇ ತಂದಿದ್ದಳು. ಕಟ್ಟಡದ ಕಂಬ, ತೊಲೆ ಎಷ್ಟು ಭಾರ ತಡೆದೀತು ಅಂತ ಲೆಕ್ಕ ಹಾಕುವ ಒಂದು ಸಾಫ್ಟ್‌ವೇರ್ ಮನೆಯ ಕಂಪ್ಯೂಟರಿಗೆ ಹಾಕಬೇಕಿತ್ತು. ವಿದ್ಯಾರ್ಥಿಗಳಿಗೆ ಅದು ಪುಕ್ಕಟೆ. ಎರಡೂವರೆ ಜಿಬಿ. ನಮ್ಮಲ್ಲಿ ಮಳೆ ಬಂದರೆ ನೆಟ್ ಹೋಗುತ್ತದೆ, ಹಾಗಾಗಿ ಇಳಿಸಲಿಕ್ಕೇ ಒಂದು ರಾತ್ರಿ ಬೇಕಾಯಿತು.

ಬೆಳಿಗ್ಗೆ ಇನ್‌ಸ್ಟಾಲ್ ಶುರು ಮಾಡಿದಳು. ಹಸಿರು ಪಟ್ಟಿ ಅರ್ಧ ದಾಟಿತು, ನಿಂತಿತು, ಆಮೇಲೆ ಮೆಲ್ಲ ಹಿಂದೆ ಬಂತು. ಹೌದು, ಹಿಂದೆ! ಹಾಕಿದ್ದನ್ನೆಲ್ಲ ಅದೇ ತೆಗೆದುಹಾಕಿ, ಕೊನೆಗೆ "ವಿಫಲ" ಅಂತ ಒಂದು ಪೆಟ್ಟಿಗೆ ತೋರಿಸಿತು. ಯಾಕೆ ವಿಫಲ, ಹೇಳಲಿಲ್ಲ.

ಎರಡು ದಿನ ಅವಳು ಮಾಡದ ಕೆಲಸ ಇಲ್ಲ. ಆಂಟಿವೈರಸ್ ನಿಲ್ಲಿಸಿದಳು. ಡಿಸ್ಕಿನಲ್ಲಿ ಜಾಗ ಮಾಡಲಿಕ್ಕೆ ಅವಳಪ್ಪನ ಯಕ್ಷಗಾನ ವಿಡಿಯೊಗಳನ್ನೆಲ್ಲ ಪೆನ್‌ಡ್ರೈವಿಗೆ ಹಾಕಿದಳು. ಅದಕ್ಕೆ ಮನೆಯಲ್ಲಿ ಬೇರೆ ಜಗಳ. ಫೈಲನ್ನು ಇನ್ನೊಮ್ಮೆ ಇಳಿಸಿದಳು. ಪಟ್ಟಿ ಮತ್ತೆ ಅಲ್ಲಿಯವರೆಗೇ ಹೋಗಿ ಹಿಂದೆ ಬಂತು. ಬೇರೊಂದು ಅಂಗಡಿಗೆ ಫೋನ್ ಮಾಡಿದೆವು. ಕಂಪ್ಯೂಟರ್ ನೋಡದೆಯೇ "ಫಾರ್ಮ್ಯಾಟ್ ಮಾಡಬೇಕು, 1,500 ರೂಪಾಯಿ" ಅಂದರು. ನನಗೆ ಸರಿ ಕಾಣಲಿಲ್ಲ. ಜ್ವರ ಅಂತ ಹೋದವನಿಗೆ ಮುಟ್ಟಿ ನೋಡದೆ ಆಪರೇಷನ್ ಹೇಳಿದ ಹಾಗೆ ಅಲ್ವಾ?

ಬದಿಯಡ್ಕದ ಹುಡುಗ ಭಾನುವಾರ ಮಧ್ಯಾಹ್ನ ಬೈಕಿನಲ್ಲಿ ಬಂದ. ಮನೆಮಾತು ಮಲಯಾಳ, ಆದರೆ ತುಳು, ಕನ್ನಡ ಎರಡೂ ಬರುತ್ತದೆ. ಮಜ್ಜಿಗೆ ಕುಡಿದು ಕಂಪ್ಯೂಟರ್ ಆನ್ ಮಾಡಿದವನು ಪರದೆ ನೋಡಿ ಕೇಳಿದ, "ಟೀಚರೇ, ಈ 'ಮನೆ' ಅಂದರೆ ಯಾರು?"

ಕಂಪ್ಯೂಟರ್ ತಂದ ದಿನ ಬಳಕೆದಾರರ ಹೆಸರು ಕೇಳಿದಾಗ ನಾನೇ ಕನ್ನಡ ಕೀಬೋರ್ಡ್ ಆರಿಸಿ "ಮನೆ" ಅಂತ ಟೈಪ್ ಮಾಡಿದ್ದೆ. ಮನೆ ಮಂದಿಗೆಲ್ಲ ಒಂದೇ ಕಂಪ್ಯೂಟರ್, ಅದಕ್ಕೆ. ಅದು ತೆಗೆದುಕೊಂಡಿತ್ತು ಕೂಡ. ಮನೆಯದ್ದರಲ್ಲಿ ವಿಂಡೋಸ್. ಶಾಲೆಯಲ್ಲಿ ನಾವು ಬಳಸುತ್ತಿದ್ದದ್ದು ಲಿನಕ್ಸ್. ಕೇರಳದ ಶಾಲೆಗಳಲ್ಲಿ ಅದೇ. ಅಲ್ಲಿ ಮಕ್ಕಳ ಫೋಲ್ಡರುಗಳಿಗೆಲ್ಲ ಕನ್ನಡದಲ್ಲೇ ಹೆಸರಿಡುತ್ತಿದ್ದೆ, ಒಂದು ದಿನವೂ ತಕರಾರು ಬಂದಿರಲಿಲ್ಲ.

ಹುಡುಗ ಏನೂ ಹೇಳಲಿಲ್ಲ. ಇನ್‌ಸ್ಟಾಲರ್ ಇನ್ನೊಮ್ಮೆ ಓಡಿಸಿ, ಸೋಲಲಿಕ್ಕೆ ಬಿಟ್ಟ. ಆಮೇಲೆ ತಾತ್ಕಾಲಿಕ ಫೈಲುಗಳಿರುವ ಟೆಂಪ್ ಫೋಲ್ಡರಿಗೆ ಹೋಗಿ ಒಂದು ಲಾಗ್ ಫೈಲ್ ತೆರೆದ. ಇನ್‌ಸ್ಟಾಲರ್ ತಾನು ಮಾಡಿದ ಒಂದೊಂದು ಕೆಲಸವನ್ನೂ ಅದರಲ್ಲಿ ಬರೆದಿಡುತ್ತದಂತೆ, ನಮ್ಮ ಹಾಜರಿ ಪುಸ್ತಕದ ಹಾಗೆ. ಸಾವಿರಾರು ಸಾಲು. ಅವನು ಕೆಳಗಿಂದ ಮೇಲಕ್ಕೆ ಓದುತ್ತಾ ಬಂದ. ಒಂದು ಕಡೆ ಬೆರಳಿಟ್ಟ. "ನೋಡಿ, ನಿಮ್ಮ ಮನೆ."

ಸಿ ಡ್ರೈವ್, ಯೂಸರ್ಸ್, ಅದರ ನಂತರ ಮೂರು ಪ್ರಶ್ನೆ ಚಿಹ್ನೆ. ಆಮೇಲೆ ಆಪ್‌ಡೇಟಾ, ಲೋಕಲ್, ಟೆಂಪ್. ಕೊನೆಯಲ್ಲಿ ಎರರ್ 123. ಅಂದರೆ ಫೈಲ್ ಅಥವಾ ಫೋಲ್ಡರಿನ ಹೆಸರೇ ಸರಿ ಇಲ್ಲ ಅಂತ.

ಮಗಳ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದು ವಿವರಿಸಿದ. ದೊಡ್ಡ ಸಾಫ್ಟ್‌ವೇರ್ ಅಂದರೆ ಒಂದೇ ಇನ್‌ಸ್ಟಾಲರ್ ಅಲ್ಲ, ಒಳಗೆ ಹತ್ತಾರು ಸಣ್ಣವು ಇರುತ್ತವೆ. ಇದರಲ್ಲಿ ಒಂದು ಹಳೇ ಕಾಲದ್ದು. ಎಲ್ಲ ಭಾಷೆಯ ಅಕ್ಷರಕ್ಕೂ ಒಂದೊಂದು ನಂಬರ್ ಕೊಡುವ ಯೂನಿಕೋಡ್ ಅದಕ್ಕೆ ಗೊತ್ತಿಲ್ಲ, 256 ಖಾನೆಯ ಅಕ್ಷರಪಟ್ಟಿ ಮಾತ್ರ ಗೊತ್ತು. ರಷ್ಯನ್, ಗ್ರೀಕ್, ಅರೇಬಿಕ್, ಥಾಯ್ ಭಾಷೆಗಳಿಗೆ ವಿಂಡೋಸ್‌ನಲ್ಲಿ ಅಂಥ ಹಳೇ ಪಟ್ಟಿ ಇತ್ತು. ಕನ್ನಡಕ್ಕೆ ಯಾವತ್ತೂ ಇರಲಿಲ್ಲ, ನೇರ ಯೂನಿಕೋಡೇ. ಪಟ್ಟಿಯಲ್ಲಿ ಇಲ್ಲದ ಅಕ್ಷರ ಸಿಕ್ಕಿದರೆ ಆ ಹಳೇ ಪ್ರೋಗ್ರಾಂ ಅದರ ಜಾಗದಲ್ಲಿ ಪ್ರಶ್ನೆ ಚಿಹ್ನೆ ಇಡುತ್ತದೆ. ಮ ಒಂದು, ನ ಒಂದು, ಎತ್ವ ಒಂದು. ಒಟ್ಟು ಮೂರು. ಇನ್ನು ವಿಂಡೋಸ್‌ನಲ್ಲಿ ಫೋಲ್ಡರ್ ಹೆಸರಿನೊಳಗೆ ಪ್ರಶ್ನೆ ಚಿಹ್ನೆ ಬರುವಂತೆಯೇ ಇಲ್ಲ. ಅಂಥ ಫೋಲ್ಡರ್ ಇರಲಿಕ್ಕೇ ಸಾಧ್ಯವಿಲ್ಲ ಅಂತ ಅದು ಕೈಚೆಲ್ಲಿತು. ಮಾಡಿದ್ದೆಲ್ಲ ವಾಪಸ್.

ನನಗೆ ಸಿಟ್ಟು ಬಂತು, ನಿಜ. ಇಲ್ಲಿ ಒಂದು ಅರ್ಜಿ ಫಾರಂ ಕನ್ನಡದಲ್ಲಿ ಕೊಡಿ ಅಂತ ಕೇಳಿ ಕೇಳಿ ನಮ್ಮ ಗಂಟಲು ಒಣಗಿದೆ. ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ಇದೇ ಕತೆ. ಈಗ ನಮ್ಮ ಮನೆಯೊಳಗಿನ ಕಂಪ್ಯೂಟರೂ ಅದೇ ಸಾಲಿಗೆ ಸೇರಿತಲ್ಲ! ಕನ್ನಡ ಯೂನಿಕೋಡಿಗೆ ಸೇರಿದ್ದು 1991ರಲ್ಲಿ, ಮೊದಲ ಆವೃತ್ತಿಯಲ್ಲೇ. ಮಗಳು ಹುಟ್ಟುವ ಎಷ್ಟೋ ಮೊದಲು. ಇನ್ನೂ ಗುರುತು ಸಿಗುವುದಿಲ್ಲ ಅಂದರೆ ಎಂತ ಹೇಳುವುದು?

ಹುಡುಗ ನಕ್ಕ. "ಟೀಚರೇ, ಮಲಯಾಳಕ್ಕೂ ಆ ಪಟ್ಟಿ ಇಲ್ಲ. ನಾನು ಮನೆಗೆ 'ವೀಡ್' ಅಂತ ಮಲಯಾಳದಲ್ಲಿ ಹಾಕಿದ್ದರೂ ಪ್ರಶ್ನೆ ಚಿಹ್ನೆಯೇ." ಕಾಸರಗೋಡಿನಲ್ಲಿ ಎರಡೂ ಭಾಷೆಗೆ ಸರಿಸಮಾನ ಮರ್ಯಾದೆ ಸಿಕ್ಕಿದ್ದು ನಾನು ನೋಡಿದ ಮಟ್ಟಿಗೆ ಇದೊಂದೇ ಕಡೆ.

ಇನ್ನು ರಿಪೇರಿ. ಮಗಳು ಆಗಲೇ ಸೆಟ್ಟಿಂಗ್ಸ್‌ಗೆ ಹೋಗಿ ಹೆಸರನ್ನು ಇಂಗ್ಲಿಷಿಗೆ ಬದಲಿಸಲಿಕ್ಕೆ ಹೊರಟಿದ್ದಳು. ಅವನು ತಡೆದ. ಹಾಗೆ ಮಾಡಿದರೆ ಪರದೆ ಮೇಲೆ ಕಾಣುವ ಹೆಸರು ಮಾತ್ರ ಬದಲಾಗುತ್ತದಂತೆ. ಒಳಗಿನ ಫೋಲ್ಡರ್ ಖಾತೆ ಮಾಡಿದ ದಿನದ ಹೆಸರಲ್ಲೇ ಇರುತ್ತದೆ. ಬೋರ್ಡ್ ಬದಲಿಸಿದರೆ ದಾಖಲೆ ಬದಲಾಗದ ಹಾಗೆ.

ಸಿ ಡ್ರೈವಿನಲ್ಲಿ ಟೆಂಪ್ ಅಂತ ಇಂಗ್ಲಿಷ್ ಹೆಸರಿನ ಒಂದು ಖಾಲಿ ಫೋಲ್ಡರ್ ಮಾಡಿದ. ತಾತ್ಕಾಲಿಕ ಫೈಲುಗಳನ್ನು ಎಲ್ಲಿಡಬೇಕು ಅಂತ ಪ್ರೋಗ್ರಾಂಗಳಿಗೆ ಹೇಳಲಿಕ್ಕೆ ಎನ್ವಿರಾನ್ಮೆಂಟ್ ವೇರಿಯಬಲ್ಸ್ ಅಂತ ಒಂದು ಜಾಗ ಉಂಟು, ಅಲ್ಲಿ ಟೆಂಪ್, ಟಿಎಂಪಿ ಎರಡನ್ನೂ ಆ ಹೊಸ ಫೋಲ್ಡರಿಗೆ ತಿರುಗಿಸಿದ. ಐದು ನಿಮಿಷದ ಕೆಲಸ. ಇನ್‌ಸ್ಟಾಲರ್ ಓಡಿಸಿದ. ಪಟ್ಟಿ ಅರ್ಧ ದಾಟಿತು. ನಾವು ಮೂವರೂ ಉಸಿರು ಬಿಗಿ ಹಿಡಿದು ಕೂತಿದ್ದೆವು. ಕೊನೆ ಮುಟ್ಟಿತು!

ಆದರೆ ಸಾಫ್ಟ್‌ವೇರ್ ತೆರೆದು ಮಗಳು ಲೆಕ್ಕ ಹಾಕಲಿಕ್ಕೆ ಹೇಳಿದ್ದೇ ತಡ, ಟಪ್ ಅಂತ ಮುಚ್ಚಿಕೊಂಡಿತು. ತನ್ನ ಸೆಟ್ಟಿಂಗ್‌ಗಳನ್ನು ಅದು ಇಡುವುದೂ ಅದೇ "ಮನೆ" ಫೋಲ್ಡರಿನೊಳಗೆ. ಪ್ರಾಜೆಕ್ಟ್ ಫೈಲೂ ಅಲ್ಲೇ ಇತ್ತು. ಇಲ್ಲಿ ಬೇರೆಯವರಾದರೆ "ಇನ್‌ಸ್ಟಾಲ್ ಆಯ್ತಲ್ಲ" ಅಂತ ದುಡ್ಡು ತೆಗೆದುಕೊಂಡು ಹೋಗುತ್ತಿದ್ದರೇನೋ. ಇವನು ಮತ್ತೆ ಕೂತ. ಯೂನಿಕೋಡನ್ನೇ ಎಲ್ಲದಕ್ಕೂ ಬಳಸು ಅಂತ ವಿಂಡೋಸ್‌ನಲ್ಲಿ ಒಂದು ಟಿಕ್ ಉಂಟಂತೆ. ಅದರ ಪಕ್ಕ ಇನ್ನೂ "ಬೀಟಾ" ಅಂತ ಬರೆದಿದೆ, ಬೇರೆ ಹಳೇ ಪ್ರೋಗ್ರಾಂ ಕೆಟ್ಟರೆ ಕಷ್ಟ ಅಂತ ಅದನ್ನು ಮುಟ್ಟಲಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಹೊಸದೊಂದು ಖಾತೆ ಮಾಡಿಕೊಟ್ಟ. ಸಾಫ್ಟ್‌ವೇರ್ ಎಲ್ಲ ಖಾತೆಗಳಿಗೂ ಸೇರಿ ಇನ್‌ಸ್ಟಾಲ್ ಆಗಿತ್ತು, ಹಾಗಾಗಿ ಪುನಃ ಹಾಕುವುದು ಬೇಕಾಗಲಿಲ್ಲ. ಪ್ರಾಜೆಕ್ಟ್ ಫೈಲನ್ನು ಅಲ್ಲಿಗೆ ಕಾಪಿ ಮಾಡಿ ತೆರೆದಳು. ತೊಲೆ ಬಗ್ಗುವ ಚಿತ್ರ ಬಂತು. ನೀಲಿ, ಕೆಂಪು ಗೆರೆ. ಅವಳ ಮುಖ ನೋಡಬೇಕಿತ್ತು.

ಫಾರ್ಮ್ಯಾಟ್ ಮಾಡಿಸಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿದೆ. ಹೆಸರು ಕೇಳುತ್ತಿತ್ತು, ನಾನು ಮತ್ತೆ "ಮನೆ" ಅಂತಲೇ ಹಾಕುತ್ತಿದ್ದೆ. 1,500 ನೀರಿಗೆ.

ತೆಗೆದುಕೊಂಡದ್ದು 600 ರೂಪಾಯಿ. ಎರಡೂವರೆ ಗಂಟೆ ಕೂತಿದ್ದಾನೆ, ಜಾಸ್ತಿ ಅಲ್ಲ. ದೂರು ಇಲ್ಲ ಅಂತಲ್ಲ. ಬಿಲ್ ಕೊಡುವುದಿಲ್ಲ, ಕೇಳಿದರೆ ನಗುತ್ತಾನೆ. ಫೋನ್ ಮೂರು ಸಲ ಮಾಡಿದರೆ ಒಂದು ಸಲ ಎತ್ತುತ್ತಾನೆ. ಹತ್ತು ಗಂಟೆಗೆ ಬರುತ್ತೇನೆ ಅಂದವನು ಬಂದದ್ದು ಒಂದೂವರೆಗೆ, ನಾನು ಎರಡು ಸಲ ಸಾರು ಬಿಸಿ ಮಾಡಿದೆ.

ಹಳೇ "ಮನೆ" ಖಾತೆ ತೆಗೆಯಬೇಕಾ ಅಂತ ಹೋಗುವಾಗ ಕೇಳಿದ. ಬೇಡ ಅಂದೆ. ಅಡಿಕೆ ಲೆಕ್ಕ, ಫೋಟೊ, ಪೆನ್‌ಡ್ರೈವಿನಿಂದ ವಾಪಸ್ ಬಂದ ಯಕ್ಷಗಾನ ಎಲ್ಲ ಅದರಲ್ಲೇ ಇವೆ. ನಿಮಗೆ ಭಾನುವಾರ ಬೇಕಾದರೆ ಗುರುವಾರವೇ ಅಂಗಡಿಗೆ ಹೋಗಿ ಎದುರಿಗೆ ನಿಂತು ಹೇಳಿ ಬನ್ನಿ. ಫೋನ್ ನಂಬಬೇಡಿ.