ಬಳ್ಳಾರಿಯ ಭಾನುವಾರದ ಜಾವಾಸ್ಕ್ರಿಪ್ಟ್ ಕ್ಲಾಸ್: ಅಸಿಂಕ್ ಪಾಠ ಹೇಗಿದೆ?

ಐದಕ್ಕೆ ನಾಲ್ಕು ಸ್ಟಾರ್. ನಾಲ್ಕೂ ಅಸಿಂಕ್-ಅವೇಟ್ ಪಾಠಕ್ಕೇ, ಅಂದರೆ ಸರ್ವರ್ ಉತ್ತರದಂಥ ತಡವಾಗೋ ಕೆಲಸಕ್ಕೆ ಕಾಯೋ ಕೋಡ್ ಬರೆಯೋ ಪಾಠ. ಮಿಕ್ಕ ಸಿಲಬಸ್ ಯೂಟ್ಯೂಬ್‌ನಲ್ಲಿ ಪುಕ್ಕಟೆ ಸಿಗುತ್ತೆ.

ನಾನು ಜೀನ್ಸ್ ಹೋಲ್‌ಸೇಲ್ ಅಂಗಡಿಯೊಂದರ ಆರ್ಡರ್ ಪೇಜ್ ನೋಡಿಕೊಳ್ಳೋನು. ಪೇಜ್ ತೆರೆದರೆ ಸ್ಟಾಕು, ರೇಟು, ಪಾರ್ಟಿಯ ಹಳೇ ಬಾಕಿ ಮೂರೂ ಸರ್ವರ್‌ನಿಂದ ಬರಬೇಕು. ‘ಇದೇನ್ರೀ, ಇನ್ನೂ ತಿರುಗ್ತಾನೇ ಐತಿ’ ಅಂತ ಮಾಲೀಕರ ತಕರಾರು ದಿನಾ ಇದ್ದದ್ದೇ. ಅದಕ್ಕೇ ಸೇರಿದೆ.

ಮೇಡಂ ಪಾಠ ಮಾಡೋ ರೀತಿ ಚೆನ್ನಾಗಿದೆ. ಬೋರ್ಡ್ ಮೇಲೆ ನಾಲ್ಕು ಕನ್ಸೋಲ್ ಲಾಗ್ (ಒಂದು ಸಾಲು ತೋರಿಸು ಅನ್ನೋ ಆಜ್ಞೆ) ಬರೀತಾರೆ. ಒಂದು ಸೆಟ್‌ಟೈಮೌಟ್ ಸೊನ್ನೆಯ (ಅಂದರೆ ಸೊನ್ನೆ ಹೊತ್ತಿನ ಟೈಮರ್) ಒಳಗೆ, ಇನ್ನೊಂದು, ಮುಂದೆ ಬರೋ ಉತ್ತರಕ್ಕೆ ಟೋಕನ್ ಇದ್ದಂತಿರೋ ಪ್ರಾಮಿಸ್‌ನ ‘ದೆನ್’ (ಉತ್ತರ ಬಂದ ಮೇಲೆ ನಡೆಯೋ ಭಾಗ) ಒಳಗೆ. ಯಾವುದು ಮೊದಲು ಅಂತ ಎಲ್ಲರೂ ಚೀಟಿಯಲ್ಲಿ ಬರೆದುಕೊಟ್ಟ ಮೇಲೇ ರನ್ ಒತ್ತೋದು. ಪ್ರಾಮಿಸ್ಸೇ ಮುಂದೆ ಬಂತು. ‘ಸೊನ್ನೆ ಕೊಟ್ಟೀವಲ್ರೀ ಮೇಡಂ!’ ಅಂತ ಹಿಂದಿನ ಬೆಂಚಿನವರು ಜಗಳಕ್ಕೇ ನಿಂತರು. ಕಾರಣ ಇಷ್ಟೇ: ಕೈಯಲ್ಲಿರೋ ಕೋಡ್ ಮುಗಿದ ಕೂಡಲೇ ಮೈಕ್ರೊಟಾಸ್ಕ್ ಸಾಲು (ಮೊದಲು ಮುಗಿಸಬೇಕಾದ ಚಿಕ್ಕ ಕೆಲಸಗಳ ಕ್ಯೂ) ಪೂರ್ತಿ ಖಾಲಿಯಾಗಬೇಕು, ಪ್ರಾಮಿಸ್ ಇರೋದು ಅಲ್ಲಿ. ಟೈಮರ್ ಸರದಿ ಏನಿದ್ದರೂ ಆಮೇಲೆ. ಉತ್ತರ ಬರೋವರೆಗೂ ಕಾಯಿಸೋ ಅವೇಟ್ ತಡೆದು ನಿಲ್ಲಿಸೋದು ತಾನಿರೋ ಫಂಕ್ಷನ್ನನ್ನ (ಕೋಡ್‌ನ ಆ ತುಂಡನ್ನ) ಮಾತ್ರ, ಇಡೀ ಪೇಜನ್ನಲ್ಲ ಅನ್ನೋದೂ ಆ ಜಗಳದಲ್ಲೇ ಎಲ್ಲರಿಗೂ ಅರ್ಥವಾಯ್ತು.

2017ರಲ್ಲೇ ಭಾಷೆಗೆ ಅವೇಟ್ ಬಂದಿದೆ, 2015ರ ಪ್ರಾಮಿಸ್ ಯಾಕೆ ಇಷ್ಟು ಎಳೀತಾರೆ ಅಂತ ಕೆಲವರು ಗೊಣಗಿದರು. ನಾನು ಮೇಡಂ ಕಡೆ. ಅಸಿಂಕ್ ಫಂಕ್ಷನ್ ಏನೇ ಕೊಟ್ಟರೂ ಪ್ರಾಮಿಸ್ ಆಗೇ ಕೊಡುತ್ತೆ. ಅದು ತಿಳಿಯದವರು ಪಟ್ಟಿಯ ಒಂದೊಂದಕ್ಕೂ ಕೋಡ್ ಓಡಿಸೋ ಫಾರ್‌ಈಚ್ ಒಳಗೆ ಅವೇಟ್ ಹಾಕಿ, ಯಾಕೆ ಕಾಯ್ತಿಲ್ಲ ಅಂತ ತಲೆ ಕೆರೆದುಕೊಳ್ಳುತ್ತಾರೆ. ಫಾರ್‌ಈಚ್ ಆ ಪ್ರಾಮಿಸ್‌ಗೆ ಕಾಯೋದೇ ಇಲ್ಲ; ಅಲ್ಲಿ ಬೇಕಾಗಿರೋದು ಫಾರ್-ಆಫ್ ಲೂಪ್.

ನನ್ನ ದುಡ್ಡು ವಸೂಲಾಗಿದ್ದು, ಹಲವು ಪ್ರಾಮಿಸ್‌ಗೆ ಒಟ್ಟಿಗೇ ಕಾಯೋ ಪ್ರಾಮಿಸ್ ಡಾಟ್ ಆಲ್‌ನಲ್ಲಿ. ಒಂದರ ಕೆಳಗೊಂದು ಮೂರು ಅವೇಟ್ ಇದ್ದರೆ ಮೂರರ ಹೊತ್ತೂ ಕೂಡುತ್ತಾ ಹೋಗುತ್ತೆ; ಒಂದಕ್ಕೊಂದು ಸಂಬಂಧವಿಲ್ಲದ ಮೂರನ್ನೂ ಒಟ್ಟಿಗೇ ಕಳಿಸಿದರೆ ಎಲ್ಲಕ್ಕಿಂತ ನಿಧಾನದ್ದು ಎಷ್ಟೋ ಅಷ್ಟೇ. ಮಾಲೀಕರು ಈಗ ತಕರಾರನ್ನ ಪ್ರಿಂಟರ್ ಮೇಲೆ ಹಾಕಿದ್ದಾರೆ. ಬಾಕಿಯ ಲೆಕ್ಕ ಬರದಿದ್ದರೂ ಸ್ಟಾಕ್ ತೋರಿಸಬೇಕು ಅನ್ನೋರಿಗೆ, ಬಂದದ್ದು ಬಾರದ್ದು ಎರಡನ್ನೂ ಹೇಳೋ 2020ರ ಆಲ್‌ಸೆಟಲ್ಡ್ ಇದೆ, ಆಲ್ ಆದರೆ ಒಂದು ಕೈಕೊಟ್ಟರೂ ನೇರ ಎರರ್ ಹಿಡಿಯೋ ಕ್ಯಾಚ್‌ಗೆ ಹೋಗುತ್ತೆ.

ಒಂದು ಸ್ಟಾರ್ ಕತ್ತರಿಸಿದ್ದು ಎರರ್ ಪಾಠಕ್ಕೆ. ಟ್ರೈ-ಕ್ಯಾಚ್ ತೋರಿಸಿ ಮುಂದೆ ಓಡಿಬಿಟ್ಟರು. ಸರ್ವರ್ 404 (ಕೇಳಿದ್ದು ಸಿಗಲಿಲ್ಲ) ಅಥವಾ 500 (ಸರ್ವರ್‌ನಲ್ಲೇ ತೊಂದರೆ) ಕೊಟ್ಟರೂ, ಸರ್ವರ್‌ನಿಂದ ಮಾಹಿತಿ ತರೋ ಫೆಚ್ ಎರರ್ ಎಸೆಯಲ್ಲ, ರೆಸ್ಪಾನ್ಸ್ ಡಾಟ್ ಓಕೆ (ಉತ್ತರ ಸರಿಯಾಗಿ ಬಂತಾ ಅನ್ನೋ ಗುರುತು) ನಾವೇ ನೋಡಬೇಕು. ಇದು ನೋಟ್ಸ್‌ನಲ್ಲೇ ಇಲ್ಲ. ಬ್ರೌಸರ್ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸೋ ನೋಡ್‌ನ 15ನೇ ಆವೃತ್ತಿಯಿಂದ, ಯಾರೂ ಹಿಡಿಯದ ರಿಜೆಕ್ಷನ್ (ಸೋತ ಪ್ರಾಮಿಸ್) ಒಂದು ಬಂದರೆ ಇಡೀ ಪ್ರೊಸೆಸ್ಸೇ ನಿಲ್ಲುತ್ತೆ ಅನ್ನೋದನ್ನೂ ಹೇಳಲಿಲ್ಲ. ಕೆಲಸಕ್ಕೆ ಹೋಗೋ ಹುಡುಗರಿಗೆ ಇದು ಮೊದಲು ಬೇಕು.

ಬಳ್ಳಾರಿ ಬಿಸಿಲಿಗೆ ಆ ರೂಮಿನ ಫ್ಯಾನ್ ಯಾತಕ್ಕೂ ಸಾಲದು, ಬೆಳಗಿನ ಬ್ಯಾಚೇ ವಾಸಿ. ಸಿರುಗುಪ್ಪ, ಸಂಡೂರಿನಿಂದ ಬಸ್ಸಲ್ಲಿ ಬರೋರಿಗೆ ಮಾತ್ರ ಅದು ಕಷ್ಟ. ಲ್ಯಾಪ್‌ಟಾಪ್ ಚಾರ್ಜ್ ಮಾಡಿಕೊಂಡೇ ಹೋಗಿ. ಫೀ ಎರಡು ಕಂತಲ್ಲಿ ಕಟ್ಟಬಹುದು, ಕೇಳಿದವರಿಗೆ ಮಾತ್ರ ಹೇಳ್ತಾರೆ.