ಗ್ರಾವೆಲ್ ಕ್ಲೀನರ್: ನೀರು ಬದಲಿಸುವ ಕೆಲಸಕ್ಕೆ ಧಾರಾಳ ಸಾಕು, ಆದರೆ ಕೊಳವೆಯ ಅಳತೆ ನೋಡಿ ತಗೊಳ್ಳಿ

ಒಂದು ಅಗಲದ ಪ್ಲಾಸ್ಟಿಕ್ ಕೊಳವೆ, ಅದರ ತಲೆಗೆ ಸಿಕ್ಕಿಸಿದ ಸಣ್ಣ ಪೈಪು, ನಡುವೆ ಕೈಯಲ್ಲಿ ಹಿಸುಕಲು ಒಂದು ರಬ್ಬರ್ ಬಲ್ಬು. ಮೀನಿನ ಟ್ಯಾಂಕಿನ ತಳದ ಜಲ್ಲಿಯಲ್ಲಿ ಕೂತ ಕೊಳೆಯನ್ನು ನೀರಿನ ಜೊತೆ ಹೊರಗೆ ಎಳೆಯುವ ಗ್ರಾವೆಲ್ ಕ್ಲೀನರ್ ಅಂದರೆ ಇಷ್ಟೇ. ಮೋಟಾರ್ ಇಲ್ಲ, ಕರೆಂಟ್ ಬೇಡ. ಅಕ್ವೇರಿಯಂಗೆ ಅಂತ ಮಾರುವ ನೂರೆಂಟು ಸಾಮಾನುಗಳಲ್ಲಿ, ಮೀನಿನ ಆರೋಗ್ಯಕ್ಕೆ ನೇರವಾಗಿ ಉಪಯೋಗ ಆಗುವುದು ಯಾವುದು ಅಂತ ಕೇಳಿದರೆ ಫಿಲ್ಟರ್ ಆದಮೇಲೆ ನಾನು ಇದನ್ನೇ ಹೇಳುತ್ತೇನೆ.

ನನ್ನ ಟ್ಯಾಂಕ್ 60 ಸೆಂಟಿಮೀಟರ್ ಉದ್ದ, 30 ಅಗಲ. ಕೊಳವೆ ಸುಮಾರು 5 ಸೆಂಟಿಮೀಟರ್ ಅಗಲದ್ದು, ಪೈಪು ಅದರ ಕಾಲು ಭಾಗ. ಬಲ್ಬನ್ನು ನಾಲ್ಕೈದು ಸಲ ಹಿಸುಕಿದರೆ ನೀರು ಹರಿಯಲು ಶುರು ಆಗುತ್ತದೆ, ಆಮೇಲೆ ಪೈಪಿನ ತುದಿ ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ಸಾಕು, ತಾನೇ ಹರಿಯುತ್ತಿರುತ್ತದೆ. ಕೊಳವೆಯನ್ನು ಸೀದಾ ಜಲ್ಲಿಯೊಳಗೆ ಚುಚ್ಚಬೇಕು. ಕಲ್ಲುಗಳು ಒಂದಿಷ್ಟು ಮೇಲೆದ್ದು, ಅಲ್ಲೇ ಗಿರಗಿರ ತಿರುಗಿ, ವಾಪಸ್ ಬೀಳುತ್ತವೆ. ಅವುಗಳ ಸಂದಿಯಲ್ಲಿದ್ದ ಕಂದು ಕೊಳೆ ಮಾತ್ರ ಮೇಲೇರಿ ಪೈಪಿಗೆ ಹೋಗುತ್ತದೆ. ಇದರ ಗುಟ್ಟು ಸರಳ. ಕೊಳವೆ ಪೈಪಿಗಿಂತ ನಾಲ್ಕು ಪಟ್ಟು ಅಗಲ ಇದ್ದರೆ ಒಳಗಿನ ಜಾಗ 16 ಪಟ್ಟು, ಹಾಗಾಗಿ ಅಲ್ಲಿ ನೀರಿನ ವೇಗ ಪೈಪಿನ ವೇಗದ 16ರಲ್ಲಿ ಒಂದು ಪಾಲು. ಆ ನಿಧಾನದ ನೀರಿಗೆ ಕೊಳೆ ಎತ್ತಲು ಬರುತ್ತದೆ, ಕಲ್ಲು ಎತ್ತಲು ಬರುವುದಿಲ್ಲ. ಬಕೆಟ್‌ಗೆ ಬೀಳುವ ನೀರಿನ ಬಣ್ಣ ನೋಡಿದರೆ, ಗಾಜಿನಂತೆ ತಿಳಿಯಾಗಿದ್ದ ಟ್ಯಾಂಕಿನಲ್ಲಿ ಇದೆಲ್ಲ ಎಲ್ಲಿತ್ತು ಅನಿಸುತ್ತದೆ.

ಫಿಲ್ಟರ್ ಇದೆಯಲ್ಲ, ಮತ್ತೆ ನೀರು ಯಾಕೆ ಬದಲಿಸಬೇಕು ಅಂತ ಕೇಳುವವರು ಜಾಸ್ತಿ. ಮೀನು ಕಿವಿರಿನಿಂದ ಅಮೋನಿಯಾ ಬಿಡುತ್ತಲೇ ಇರುತ್ತದೆ, ಉಳಿದ ಆಹಾರ ಕೊಳೆತರೂ ಅದೇ ಬರುತ್ತದೆ. ಫಿಲ್ಟರಿನ ಸ್ಪಂಜಿನಲ್ಲಿರುವ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಮಾಡುತ್ತವೆ, ಆಮೇಲೆ ನೈಟ್ರೇಟ್. ಅಲ್ಲಿಗೆ ನಿಂತಿತು. ನೈಟ್ರೇಟ್ ಮೊದಲಿನ ಎರಡರಷ್ಟು ವಿಷ ಅಲ್ಲ, ಆದರೆ ಎಲ್ಲಿಗೂ ಹೋಗುವುದೂ ಇಲ್ಲ. ಗಿಡಗಳು ಸ್ವಲ್ಪ ತಿನ್ನುತ್ತವೆ, ಮಿಕ್ಕಿದ್ದನ್ನು ಬಕೆಟ್‌ನಲ್ಲಿ ಹೊರಗೆ ಹಾಕಬೇಕು, ಬೇರೆ ದಾರಿ ಇಲ್ಲ. ಆವಿಯಾದಷ್ಟು ನೀರನ್ನು ಮೇಲಿಂದ ತುಂಬಿಸುವುದು ನೀರು ಬದಲಿಸಿದ ಹಾಗಲ್ಲ. ಆವಿಯಾಗುವುದು ನೀರು ಮಾತ್ರ, ನೈಟ್ರೇಟ್, ಲವಣ ಎಲ್ಲ ಒಳಗೇ ಕೂತಿರುತ್ತವೆ.

ಎಷ್ಟು ತೆಗೆಯಬೇಕು ಅನ್ನುವುದಕ್ಕೆ ಸುಮ್ನೆ ಒಂದು ಲೆಕ್ಕ. ವಾರಕ್ಕೆ 10 ಪಿಪಿಎಂ (ಹತ್ತು ಲಕ್ಷದಲ್ಲಿ 10 ಪಾಲು) ನೈಟ್ರೇಟ್ ಸೇರುವ ಟ್ಯಾಂಕ್ ಅಂದುಕೊಳ್ಳಿ, ಹೊಸ ನೀರಿನಲ್ಲಿ ನೈಟ್ರೇಟ್ ಇಲ್ಲ ಅಂದುಕೊಳ್ಳಿ. ವಾರಕ್ಕೊಮ್ಮೆ ಕಾಲು ಭಾಗ ಬದಲಿಸುತ್ತ ಹೋದರೆ ಅದು ಕೊನೆಗೆ 30 ಮತ್ತು 40ರ ನಡುವೆ ನಿಲ್ಲುತ್ತದೆ. ಅರ್ಧ ಬದಲಿಸಿದರೆ 10 ಮತ್ತು 20ರ ನಡುವೆ. ಹಾಗಾಗಿ ಮೀನು ಜಾಸ್ತಿ ಇರುವ ಟ್ಯಾಂಕಿಗೆ ಕಾಲು ಭಾಗ ಸಾಕಾಗಲ್ಲ. ನನ್ನ ಟ್ಯಾಂಕಿನ ಅಳತೆಗೆ ಒಂದು ಸೆಂಟಿಮೀಟರ್ ಎತ್ತರದ ನೀರು ಅಂದರೆ 1.8 ಲೀಟರ್. ಗಾಜಿನ ಹೊರಗಡೆ, ತುಂಬಿದ ನೀರಿನ ಮಟ್ಟಕ್ಕಿಂತ 7 ಸೆಂಟಿಮೀಟರ್ ಕೆಳಗೆ ಒಂದು ಚೂರು ಟೇಪ್ ಅಂಟಿಸಿದ್ದೇನೆ, ಅಲ್ಲಿಗೆ ಬಂದರೆ ಸುಮಾರು 12.6 ಲೀಟರ್ ಹೋಯಿತು ಅಂತ ಲೆಕ್ಕ.

ತಿಂಗಳುಗಟ್ಟಲೆ ನೀರು ಮುಟ್ಟದ ಟ್ಯಾಂಕ್ ನಿಮ್ಮ ಕೈಗೆ ಬಂದರೆ ಮಾತ್ರ ಈ ಕ್ಲೀನರ್ ಹಿಡಿದು ಒಂದೇ ದಿನ ಮುಕ್ಕಾಲು ನೀರು ಎಳೆಯಬೇಡಿ. ಬ್ಯಾಕ್ಟೀರಿಯಾಗಳ ಕೆಲಸದಿಂದ ಅಂಥ ನೀರಿನ ಕ್ಷಾರ ಗುಣ ಕರಗಿ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, ಇಳಿದಿರುತ್ತದೆ. ಪಿಎಚ್ ಕಡಿಮೆ ಇರುವಾಗ ಅಮೋನಿಯಾ ಬಹುಪಾಲು ಅಮೋನಿಯಂ ರೂಪದಲ್ಲಿ, ಅಷ್ಟು ಅಪಾಯ ಇಲ್ಲದೆ ಇರುತ್ತದೆ. ಹೊಸ ನೀರು ಜಾಸ್ತಿ ಹಾಕಿ ಪಿಎಚ್ ದಿಢೀರ್ ಅಂತ ಏರಿದರೆ ಅದೇ ಮತ್ತೆ ವಿಷದ ಅಮೋನಿಯಾ ಆಗುತ್ತದೆ. ‘ನೀರು ಬದಲಿಸಿದ್ದಕ್ಕೇ ಮೀನು ಸತ್ತವು’ ಅನ್ನುವ ಮಾತು ಹುಟ್ಟುವ ಜಾಗಗಳಲ್ಲಿ ಇದೂ ಒಂದು. ದಿನ ಬಿಟ್ಟು ದಿನ ಹತ್ತು ಹತ್ತು ಪರ್ಸೆಂಟ್ ತೆಗೆಯುತ್ತ ಹೋಗಿ.

ಇನ್ನು ಬೈಯುವ ವಿಷಯ. ಇದರ ಪೈಪು ಸುರುಳಿ ಸುತ್ತಿಯೇ ಪ್ಯಾಕ್ ಆಗಿ ಬರುತ್ತದೆ, ಆ ಸುರುಳಿ ಬಿಡುವುದೇ ಇಲ್ಲ, ಬಕೆಟ್‌ನಿಂದ ಚಿಮ್ಮಿ ಹೊರಗೆ ಬಂದು ನೆಲವೆಲ್ಲ ಒದ್ದೆ ಮಾಡುತ್ತದೆ. ಬಿಸಿನೀರಲ್ಲಿ ಸ್ವಲ್ಪ ಹೊತ್ತು ಮುಳುಗಿಸಿ ಎಳೆದು ನೇರ ಮಾಡಿದರೆ ಪರವಾಗಿಲ್ಲ. ಜೊತೆಗೆ ಕೊಡುವ ಕ್ಲಿಪ್ಪು ದಂಡ, ಬಟ್ಟೆ ಕ್ಲಿಪ್ಪೇ ವಾಸಿ. ಬಲ್ಬಿನೊಳಗಿನ ಸಣ್ಣ ವಾಲ್ವಿಗೆ ಒಂದು ಮರಳಿನ ಕಾಳು ಸಿಕ್ಕಿಕೊಂಡರೂ ಎಷ್ಟು ಹಿಸುಕಿದರೂ ನೀರು ಬರಲ್ಲ, ಬಿಚ್ಚಿ ತೊಳೆಯಬೇಕು. ಹಾಗಂತ ಬಾಯಿಂದ ಎಳೆಯಲು ಹೋಗಬೇಡಿ, ಕೈಯಲ್ಲಿ ಗಾಯ ಇದ್ದರೆ ಟ್ಯಾಂಕಿಗೆ ಕೈಯನ್ನೂ ಹಾಕಬೇಡಿ, ಮೀನಿನ ನೀರಿನಿಂದ ಮನುಷ್ಯರ ಚರ್ಮಕ್ಕೆ ಹತ್ತುವ ಸೋಂಕುಗಳು ಇವೆ.

ಮರಳು ಹಾಸಿದ ಟ್ಯಾಂಕ್ ಆದರೆ ಚುಚ್ಚುವ ಹಾಗಿಲ್ಲ, ಎಲ್ಲ ಮರಳೂ ಬಕೆಟ್‌ಗೆ ಬರುತ್ತದೆ. ಸ್ವಲ್ಪ ಮೇಲೆ ಹಿಡಿದು ಆಡಿಸಬೇಕು. ಗಪ್ಪಿ ಮರಿಗಳಿದ್ದರೆ ಬಕೆಟ್ ನೋಡದೆ ನೀರು ಚೆಲ್ಲಬೇಡಿ, ಒಂದೆರಡು ಅಲ್ಲೇ ಈಜುತ್ತಿರುತ್ತವೆ. ಆ ನೀರನ್ನು ಪೂರ್ತಿ ಚೆಲ್ಲುವ ಮೊದಲು ಫಿಲ್ಟರಿನ ಸ್ಪಂಜನ್ನು ಅದರಲ್ಲೇ ಹಿಂಡಿಕೊಳ್ಳಿ. ನಲ್ಲಿ ನೀರಲ್ಲಿ ತೊಳೆದರೆ ಕ್ಲೋರಿನ್‌ಗೆ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತವೆ.

ಹೊಸ ನೀರಿನ ಬಗ್ಗೆಯೂ ಎರಡು ಮಾತು, ಯಾಕಂದರೆ ಪ್ಯಾಕೆಟ್ ಮೇಲೆ ಒಂದಕ್ಷರ ಬರೆದಿರಲ್ಲ. ನಲ್ಲಿ ನೀರಿಗೆ ಸೇರಿಸಿರುವುದು ಕ್ಲೋರಿನ್ ಆದರೆ ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ಇಟ್ಟರೆ ಬಹುಪಾಲು ಹೋಗುತ್ತದೆ. ಕ್ಲೋರಿನ್ ಮತ್ತು ಅಮೋನಿಯಾ ಕೂಡಿ ಆಗುವ ಕ್ಲೋರಮೈನ್ ಹಾಗೆ ಬೇಗ ಹೋಗಲ್ಲ, ಅದಕ್ಕೆ ಕಂಡೀಷನರ್, ಅಂದರೆ ಇವನ್ನು ನೀರಿನಿಂದ ತೆಗೆಯುವ ಔಷಧಿ, ಬೇಕೇ ಬೇಕು. ಬರೀ ಸೋಡಿಯಂ ಥಯೋಸಲ್ಫೇಟ್ ಇರುವ ಕಂಡೀಷನರ್ ಹಾಕಿದರೆ ಕ್ಲೋರಮೈನ್ ಒಡೆದು ಅಮೋನಿಯಾ ಉಳಿಯುತ್ತದೆ, ಅಮೋನಿಯಾವನ್ನೂ ಹಿಡಿಯುವಂಥದ್ದು ನೋಡಿ ತಗೊಳ್ಳಿ. ನೀರಿನ ಬಿಸಿ ಒಂದೆರಡು ಡಿಗ್ರಿಗಿಂತ ಹೆಚ್ಚು ಆಚೀಚೆ ಇರಬಾರದು.

ಕೊಳ್ಳುವವರಿಗೆ: 40 ಲೀಟರ್‌ಗಿಂತ ಚಿಕ್ಕ ಟ್ಯಾಂಕಿಗೆ ಈ 5 ಸೆಂಟಿಮೀಟರಿನದ್ದು ಬೇಡ, ಅರ್ಧ ತಳ ಮುಗಿಯುವುದರೊಳಗೆ ತೆಗೆಯಬೇಕಾದ ನೀರೆಲ್ಲ ಖಾಲಿ. 2.5 ಸೆಂಟಿಮೀಟರಿನ ಕೊಳವೆ, ಅದಕ್ಕೆ ತಕ್ಕ ಸಣ್ಣ ಪೈಪು ಇರುವುದನ್ನು ತಗೊಳ್ಳಿ. ದೊಡ್ಡದೇ ಈಗಾಗಲೇ ಕೈಲಿದ್ದರೆ ಪೈಪನ್ನು ಹೆಬ್ಬೆರಳಿಂದ ಒತ್ತಿ ಹಿಡಿದು ಕೊಳವೆಯನ್ನು ಪಕ್ಕದ ಜಾಗಕ್ಕೆ ಒಯ್ದು ಬಿಡಿ, ಕಲ್ಲೂ ಬೀಳುತ್ತವೆ, ನೀರೂ ಉಳಿಯುತ್ತದೆ. ಐದರಲ್ಲಿ ನಾಲ್ಕು ಸ್ಟಾರ್, ಹೋದ ಒಂದು ಆ ಪೈಪಿನ ಲೆಕ್ಕಕ್ಕೆ.